ಹಲ್ಲು ನೋಡಿ ಉಸಿರು ಅಳೆದವರು

ಮನುಷ್ಯನ ಶ್ವಾಸಕೋಶ ಇಪ್ಪತ್ತೈದರ ಸುಮಾರಿಗೆ ತನ್ನ ಪೂರ್ಣ ಬಲವನ್ನು ಮುಟ್ಟುತ್ತದೆ. ಅಲ್ಲಿಂದಾಚೆ ವರ್ಷ ವರ್ಷವೂ ಒಂದಿಷ್ಟು ಉಸಿರು ಅವನಿಂದ ಕಳಚಿಕೊಳ್ಳುತ್ತಾ ಹೋಗುತ್ತದೆ. ಅರಸನಿಗೂ ಆಳಿಗೂ ಈ ವಿಷಯದಲ್ಲಿ ಸೃಷ್ಟಿ ಭೇದ ಮಾಡಿಲ್ಲ. ಇಂಥ ಘನವಾದ ಸತ್ಯವನ್ನು ನಾನು ಯಾವ ಗುರುವಿನ ಪಾದದ ಬಳಿ ಕುಳಿತೂ ಕಲಿತವನಲ್ಲ. ದಾಂಡೇಲಿ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿರುವ ನನ್ನ ಚಷ್ಮೆ ಅಂಗಡಿಯಲ್ಲಿ ಕುಳಿತು, ಪ್ಲೈವುಡ್ ಗೋಡೆಯ ಆ ಕಡೆಯಿಂದ ಒಬ್ಬರು "ಊದು! ಊದು! ಊದಲೇ! ಇನ್ನೂ ಐತಿ ಹೊಟ್ಯಾಗ, ಬಿಡು!" ಎಂದು ಒದರುವುದನ್ನು ಕೇಳಿ ಕೇಳಿ ಕಲಿತೆ.

ಹಾಗೆ ಒದರುತ್ತಿದ್ದವರು ಹೋದ ತಿಂಗಳು ತೀರಿಕೊಂಡರು. ಸಾಲಿನ ಅಂಗಡಿಕಾರರೆಲ್ಲ ಸೇರಿ ಸಂತಾಪ ಸಭೆ ಮಾಡಿದೆವು. ಪಕ್ಕದ ಅಂಗಡಿಯವನೆಂದು ನನಗೂ ಎರಡು ಮಾತಾಡಲು ಹೇಳಿದರು. ಗಂಟಲು ಸರಿಯಿಲ್ಲ ಎಂದು ಕುಳಿತುಬಿಟ್ಟೆ. ಗಂಟಲು ಸರಿಯಾಗಿಯೇ ಇತ್ತು. ಅಂದು ಆಡದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅವರ ಮಕ್ಕಳು ಒಳ್ಳೆಯವರು, ಚಷ್ಮೆಯನ್ನು ನನ್ನಲ್ಲೇ ಮಾಡಿಸುತ್ತಾರೆ.

ಅವರು ಡಾಕ್ಟರಲ್ಲ. ರಕ್ತ, ಮೂತ್ರ ಪರೀಕ್ಷಿಸುವ ಲ್ಯಾಬಿನ ಮಾಲಕರು. ಆದರೂ ಊರು ಅವರನ್ನು "ಊದು ಡಾಕ್ಟ್ರು" ಎನ್ನುತ್ತಿತ್ತು, ಅವರು ಆ ಬಿರುದನ್ನು ಬೇಡವೆಂದದ್ದನ್ನು ಯಾರೂ ಕೇಳಿಲ್ಲ. ಸುತ್ತಮುತ್ತಲಿನ ಸಣ್ಣಪುಟ್ಟ ಕಾರ್ಖಾನೆಗಳು ತಮ್ಮ ಕೆಲಸಗಾರರನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಇವರಲ್ಲಿಗೆ ಕಳಿಸುತ್ತಿದ್ದವು. ರಕ್ತ ತೆಗೆಯುವುದು, ಉಸಿರು ಊದಿಸುವುದು ಇವರ ಕೆಲಸ. ಗುರುವಾರಕ್ಕೊಮ್ಮೆ ಹುಬ್ಬಳ್ಳಿ ಕಡೆಯಿಂದ ಒಬ್ಬ ಡಾಕ್ಟರು ಬಂದು, ವರದಿಗಳಿಗೆ ಸಹಿ ಹಾಕಿ, ಎದುರಿನ ಗಾಡಿಯ ಮಿರ್ಚಿ ತಿಂದು, ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತಿದ್ದರು. ಎರಡರಲ್ಲಿ ಮಿರ್ಚಿಯನ್ನೇ ಅವರು ಹೆಚ್ಚು ಲಕ್ಷ್ಯಕೊಟ್ಟು ನೋಡುತ್ತಿದ್ದರೆಂದು ನನ್ನ ನಂಬಿಕೆ.

ನಮ್ಮವರು, ಅಂದರೆ ಲ್ಯಾಬಿನವರು, ಕುಳ್ಳಗೆ, ದುಂಡಗೆ, ಸದಾ ಸಫಾರಿ ಸೂಟಿನಲ್ಲಿ. ಕೂದಲು ಕಾಗೆಯನ್ನು ನಾಚಿಸುವಷ್ಟು ಕಪ್ಪು, ಭಾನುವಾರ ಸಂಜೆ ಸ್ವಲ್ಪ ಜಾಸ್ತಿಯೇ ಕಪ್ಪು. ದಿನಾ ಬೆಳಿಗ್ಗೆ ನನ್ನ ಅಂಗಡಿಗೆ ಬಂದು, ಗಿರಾಕಿಗಳು ಚಷ್ಮೆ ಹಾಕಿ ನೋಡಿಕೊಳ್ಳುವ ಕನ್ನಡಿಯ ಎದುರು ನಿಂತು ತಲೆ ಬಾಚುತ್ತಿದ್ದರು. ಆಮೇಲೆ ನನ್ನ ಪೇಪರನ್ನು ನನಗಿಂತ ಮೊದಲು ಓದಿ, ನನ್ನ ಕಡೆಗೆ ತಿರುಗಿ ಏನಾದರೊಂದು ಅಮೂಲ್ಯ ಮಾತು ಹೇಳಿ ಹೋಗುವುದು ವಾಡಿಕೆ. ಒಂದು ದಿನ ಹೇಳಿದ್ದು ನನಗೆ ಇನ್ನೂ ನೆನಪಿದೆ:

"ಚಷ್ಮಾದಾವ್ರ, ನಿಮ್ದು ಕಷ್ಟದ ಧಂದೆ ನೋಡ್ರಿ. ನೀವು ತಪ್ಪು ನಂಬರ್ ಕೊಟ್ರ ಗಿರಾಕಿ ಮುಂಜಾನಿ ಬಂದು ಕಾಣವಲ್ದು ಅಂತಾನ. ನನ್ನ ಕಡೆ ಯಾರೂ ಹಂಗ ಬರಂಗಿಲ್ಲ. ಉಸಿರು ಸರಿ ಇಲ್ಲಂತ ಹೇಳಾಕೂ ಉಸಿರು ಬೇಕಲ್ಲ!"

ಅವರು ನಕ್ಕರು. ನಾನೂ ನಕ್ಕೆ. ತಮಾಷೆಗೆ ಹೇಳಿದ್ದೆಂದು ತಿಳಿದೆ.

ಉಸಿರು ಅಳೆಯುವ ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ಮೂಗಿಗೆ ಕ್ಲಿಪ್ಪು ಹಾಕಿ, ರಟ್ಟಿನ ಕೊಳವೆಯನ್ನು ಬಾಯಲ್ಲಿಟ್ಟು, ಎದೆ ತುಂಬ ಉಸಿರೆಳೆದುಕೊಂಡು ಒಮ್ಮೆಲೇ ಊದಿಸುತ್ತಾರೆ. ಎಷ್ಟು ಗಾಳಿ ಬಂತೆಂದು ಯಂತ್ರ ಅಳೆಯುತ್ತದೆ. ಆದರೆ ಅಷ್ಟು ಗಾಳಿ ಸಾಕೋ ಕಡಿಮೆಯೋ ಎಂಬುದು ಊದಿದವರ ಎತ್ತರ ಮತ್ತು ವಯಸ್ಸಿನ ಮೇಲೆ ನಿಂತಿದೆ. ನಲವತ್ತರವನಿಗೆ ಕಡಿಮೆ ಎನಿಸುವ ಗಾಳಿ ಅರವತ್ತರವನಿಗೆ ಸಾಕೆನಿಸುತ್ತದೆ. ಹಾಗಾಗಿ ಊದಿಸುವ ಮೊದಲು ಯಂತ್ರಕ್ಕೆ ವಯಸ್ಸು ಹೇಳಬೇಕು. ನಮ್ಮವರ ಪಾಂಡಿತ್ಯ ಶುರುವಾಗುತ್ತಿದ್ದದ್ದು ಈ ಸ್ಥಳದಲ್ಲಿ.

ಅವರ ತಂದೆ ಮುಂಡಗೋಡ ಸಂತೆಯಲ್ಲಿ ದನದ ದಲ್ಲಾಳಿ. ಎತ್ತಿನ ತುಟಿ ಎತ್ತಿ ಹಲ್ಲು ನೋಡಿ ವಯಸ್ಸು ಹೇಳಿದರೆ, ಮಾರುವವನೂ ಕೊಳ್ಳುವವನೂ ತಲೆಯಾಡಿಸುತ್ತಿದ್ದರಂತೆ. ಆ ವಿದ್ಯೆ ಮಗನಿಗೆ ಇಳಿದು ಬಂದಿತ್ತು. ಎತ್ತುಗಳು ಲ್ಯಾಬಿಗೆ ಬರುವುದಿಲ್ಲವಾದ್ದರಿಂದ ಅವರು ಅದನ್ನು ಕೆಲಸಗಾರರ ಮೇಲೆ ಪ್ರಯೋಗಿಸುತ್ತಿದ್ದರು. ಕೊಳವೆ ಇಡಲು ಹೇಗೂ ಬಾಯಿ ತೆರೆಯಬೇಕಲ್ಲ. ಸಣ್ಣ ಬ್ಯಾಟರಿ ಬಿಟ್ಟು ಹಲ್ಲು ನೋಡಿ, ತಮಗೆ ಕಂಡ ವಯಸ್ಸನ್ನು ಯಂತ್ರಕ್ಕೆ ಹಾಕುವರು.

"ಆಧಾರ್ ಕಾರ್ಡಿನಲ್ಲಿ ವಯಸ್ಸು ಇರುತ್ತದಲ್ಲ?" ಎಂದು ನಾನೊಮ್ಮೆ ಕೇಳಿದೆ.

"ಆಧಾರ್ ಕಾರ್ಡ!" ಎಂದರು, ನಾನು ಏನೋ ಅಸಭ್ಯ ಮಾತಾಡಿದೆ ಎಂಬಂತೆ. "ಯಾರ್ದರೆ ಕಾರ್ಡ ತಗಸ್ರಿ, ಜೂನ್ ಒಂದ ತಾರೀಕು. ಸಾಲಿ ಮಾಸ್ತರು ಕೈಗೆ ಬಂದ ತಾರೀಕು ಬರ್ಕೊಂಡ ಹೋಗ್ಯಾರ. ಇಡೀ ಜಿಲ್ಲಾ ಒಂದ ದಿನಾ ಹಡದೈತೇನ್ರಿ? ಕಾಗದ ಸುಳ್ಳ ಹೇಳ್ತೈತಿ. ಹಲ್ಲು ಹೇಳಂಗಿಲ್ಲ."

ಜೂನ್ ಒಂದರ ಬಗ್ಗೆ ಅವರು ಹೇಳಿದ್ದು ನಿಜ. ನನ್ನ ಜನ್ಮದಿನವೂ ಅದೇ. ಮಾಸ್ತರರು ತಾರೀಕು ತಪ್ಪು ಬರೆದಿದ್ದರೆ ವರ್ಷವನ್ನೂ ಹತ್ತು ಹನ್ನೆರಡರಷ್ಟು ತಪ್ಪು ಬರೆದಿರುತ್ತಾರೆಯೇ ಎಂಬ ಪ್ರಶ್ನೆಗೆ ಮಾತ್ರ ಅವರಲ್ಲಿ ಉತ್ತರ ಇರಲಿಲ್ಲ, ಏಕೆಂದರೆ ಆ ಪ್ರಶ್ನೆ ಅವರಿಗೆ ಹುಟ್ಟಿರಲಿಲ್ಲ.

ನಮ್ಮ ಭಾಗದಲ್ಲಿ ಎಲೆ, ಅಡಿಕೆ, ತಂಬಾಕು, ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿ, ಗುಟ್ಕಾ ಇವುಗಳಲ್ಲಿ ಒಂದಾದರೂ ಇಲ್ಲದ ಬಾಯಿ ಅಪರೂಪ. ಆದ್ದರಿಂದ ಅವರ ಲ್ಯಾಬಿಗೆ ಹೋದವರೆಲ್ಲ ಐದು ಹತ್ತು ವರ್ಷ ಮುದುಕರಾಗಿ ಹೊರಬರುತ್ತಿದ್ದರು. ಜೊತೆಗೆ ಅವರ ಶ್ವಾಸಕೋಶ ವಯಸ್ಸಿಗೆ ತಕ್ಕಂತೆ ಚೆನ್ನಾಗಿರುತ್ತಿತ್ತು. ಜೋಯಿಡಾ ಕಡೆ ಶಿಬಿರಕ್ಕೆ ಹೋದಾಗ ಅಣಶಿಯ ಒಬ್ಬ ಅಜ್ಜಿಯನ್ನು ಊದಿಸಿದ್ದರಂತೆ. ಕೊಂಕಣಿಯಲ್ಲಿ ಅವರಿಗೆ ಗೊತ್ತಿದ್ದದ್ದು ಒಂದೇ ಶಬ್ದ, ಅದೂ ಊದು ಎಂಬ ಅರ್ಥದ್ದೇ. ಅಜ್ಜಿ ಮಿಶ್ರಿ ತಿಕ್ಕಿ ತಿಕ್ಕಿ ಹಲ್ಲು ಕಳೆದುಕೊಂಡವಳು. ಇವರು ತೊಂಬತ್ತು ಎಂದು ಹಾಕಿದರು. ತೊಂಬತ್ತರವರು ಊದಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಊದಿದಳೆಂದು ಯಂತ್ರ ತೋರಿಸಿತು. "ಕಾಡಿನ ಗಾಳಿ ರೀ! ತೊಂಬತ್ತಕ್ಕ ಏನ ಪುಪ್ಪುಸ ಅಂತೀರಿ!" ಎಂದು ಒಂದು ವಾರ ಸಾಲಿನ ಎಲ್ಲ ಅಂಗಡಿಗಳಲ್ಲೂ ಹೇಳಿದರು. ಆಮೇಲೆ ಆ ಕಡೆಯ ಬಸ್ ಕಂಡಕ್ಟರೊಬ್ಬ ಚಷ್ಮೆಗೆ ಬಂದಾಗ ಗೊತ್ತಾಯಿತು, ಅಜ್ಜಿಗೆ ಅರವತ್ತರ ಆಸುಪಾಸು, ಒಲೆಯ ಹೊಗೆ ಕುಡಿದು ಕುಡಿದು ಅಂಗಳ ದಾಟುವಷ್ಟರಲ್ಲಿ ಎರಡು ಕಡೆ ಕೂರುತ್ತಾಳೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು, ಹೇಳಲು ನನಗೆ ಇಷ್ಟವಿಲ್ಲದಿದ್ದರೂ. ಊದಿಸುವುದರಲ್ಲಿ ಅವರು ಮೋಸ ಮಾಡುತ್ತಿರಲಿಲ್ಲ. ತುಟಿಯ ಸಂದಿಯಿಂದ ಗಾಳಿ ಸೋರಿದರೆ, ನಡುವೆ ಕೆಮ್ಮಿದರೆ, "ಇದು ಜಮಾ ಇಲ್ಲ, ಮತ್ತೊಮ್ಮೆ" ಎಂದು ಪುನಃ ಊದಿಸುವರು. ಇದ್ದಷ್ಟು ಗಾಳಿಯನ್ನು ಬೈದು, ರಮಿಸಿ, ಬೆನ್ನು ತಟ್ಟಿ ಹೊರಗೆ ತೆಗೆಸುವರು. ಗಾಳಿಯ ಅಂಕಿ ಯಾವಾಗಲೂ ನಿಜವಿರುತ್ತಿತ್ತು. ಅದರ ಪಕ್ಕದ ವಯಸ್ಸು ಮಾತ್ರ ಮುಂಡಗೋಡ ಸಂತೆಯದು.

ಇನ್ನು ಮೌಲಾಲಿಯ ವಿಷಯ. ಅವನು ನಮ್ಮ ಓಣಿಯವನು. ಊರ ಹೊರಗಿನ ಒಂದು ಸಣ್ಣ ಪ್ಲೈವುಡ್ ಕಾರ್ಖಾನೆಯಲ್ಲಿ ಹಲಗೆ ಉಜ್ಜಿ ನುಣುಪು ಮಾಡುವ ಶೆಡ್ಡಿನಲ್ಲಿ ಕೆಲಸ. ಸಂಜೆ ಮನೆಗೆ ಬರುವಾಗ ಹುಬ್ಬು, ಮೀಸೆ ಎಲ್ಲ ಪುಡಿ ಹಿಡಿದು ಬಿಳಿಯಾಗಿರುತ್ತಿದ್ದವು. ಹೆಂಡತಿ ಬೀಬಿಜಾನಳನ್ನು ಹಿಂದೆ, ಅಕ್ಕಿ ಚೀಲವನ್ನು ಮುಂದೆ ಇಟ್ಟುಕೊಂಡು ಹಳಿಯಾಳ ರಸ್ತೆಯ ಏರಿನಲ್ಲಿ ಸೈಕಲ್ ತುಳಿಯುತ್ತಿದ್ದವನು, ಕ್ರಮೇಣ ಸೈಕಲ್ಲನ್ನು ತಳ್ಳಿಕೊಂಡು, ಆಮೇಲೆ ಅದಕ್ಕೇ ಒರಗಿಕೊಂಡು ಬರತೊಡಗಿದ. ವಯಸ್ಸು ನಲವತ್ತಾರು. ತಂಬಾಕಿನಿಂದ ಹಲ್ಲುಗಳು ಕರ್ರಗಾಗಿ, ಮುಂದಿನವು ಎರಡು ಉದುರಿದ್ದವು.

ಕಾರ್ಖಾನೆಯ ಸೂಪರ್‌ವೈಜರ್ ಕೆಟ್ಟವನಲ್ಲ. "ಎದಿ ಸರಿ ಇಲ್ಲಂತ ಕಾಗದ ತಾ, ಮರುದಿನಾನ ಶೆಡ್ಡಿಂದ ತಗದು ಬ್ಯಾರೆ ಕಡೆ ಹಾಕ್ತೇನಿ" ಎಂದಿದ್ದ. ಹಾಗಾಗಿ ಆ ವರ್ಷದ ತಪಾಸಣೆಗೆ ಮೌಲಾಲಿ ಸ್ವಲ್ಪ ಆಸೆಯಿಂದಲೇ ಬಂದ. ತನ್ನ ಎದೆ ಕೆಟ್ಟಿದೆ ಎಂದು ಯಾರಾದರೂ ಬರೆದುಕೊಟ್ಟರೆ ಸಾಕೆಂದು ಆಸೆಪಟ್ಟ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ಗೋಡೆಯ ಆಚೆಯ ಮಾತು ನನಗೆ ಸ್ಪಷ್ಟ ಕೇಳಿಸಿತು.

"ಬಾಯಿ ತಗಿ. ಆಆ ಅನ್ನು. ಅರೇ ಚಾಚಾ, ಐವತ್ತೆಂಟು!"

"ನಲವತ್ತಾರ್ರೀ ಸಾಹೇಬ್ರ. ಮತ್ತ ನನಗ ಚಾಚಾ ಅನಬ್ಯಾಡ್ರಿ, ನೀವ ದೊಡ್ಡವರು."

"ಕಾರ್ಡಿನ್ಯಾಗ ನಲವತ್ತಾರು, ಬಾಯಾಗ ಐವತ್ತೆಂಟು. ನಾ ಬಾಯಿ ಓದಾಂವ. ಹೂಂ, ಎಳ್ಕೋ ಉಸಿರು. ಊದು! ಊದು! ಊದಲೇ!"

ಬಹಳ ಹೊತ್ತು ಊದು, ಕೆಮ್ಮು, ಮತ್ತೆ ಊದು. ಕೊನೆಗೆ ತೀರ್ಪು ಬಂತು: "ವಯಸ್ಸಿಗೆ ತಕ್ಕಂಗ ಐತಿ ಚಾಚಾ. ನಡಿ, ಏನಾಗಿಲ್ಲ ನಿನಗ."

ರಕ್ತವನ್ನೂ ಪರೀಕ್ಷೆಗೆ ತೆಗೆದಿದ್ದರು. ಮೈಯಲ್ಲಿ ಎಲ್ಲೋ ಉರಿಯೂತ ಇದೆಯೆಂದು ತೋರಿಸುವ ಒಂದು ಗುರುತು ರಕ್ತದಲ್ಲಿರುತ್ತದೆ, ಸಿಆರ್‌ಪಿ ಎನ್ನುತ್ತಾರೆ. ಮೌಲಾಲಿಯದು ಏರಿತ್ತು. ಎಲ್ಲಿ ಉರಿಯುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. ಹೇಳದಿದ್ದದ್ದನ್ನು ನಮ್ಮವರು ಹೇಳಿದರು.

"ವಸಡು ಕೆಟ್ಟಾವ. ಎಲ್ಲಾ ವಿಷ ಅಲ್ಲಿಂದನ ರಕ್ತಕ್ಕ ಇಳೀಲಿಕ್ಕತ್ತೈತಿ. ಹಲ್ಲು ತಗಸಿ ಬಿಡು. ರಕ್ತ ಸ್ವಚ್ಛ ಆಗ್ತೈತಿ, ದಮ್ಮೂ ಇಳೀತೈತಿ."

ಮೌಲಾಲಿ ಹಳಿಯಾಳಕ್ಕೆ ಹೋಗಿ ಹಲ್ಲು ತೆಗೆಸಿದ. ಒಂದೆರಡಲ್ಲ, ಇದ್ದವನ್ನೆಲ್ಲ. ವಸಡು ಮಾಗುವ ತನಕ ಬೀಬಿಜಾನ ಗಂಜಿ ಕುಡಿಸಿದಳು. ಆಮೇಲೆ ಕಟ್ಟಿಸಿದ ಹಲ್ಲು ಬಂತು. ಅಷ್ಟು ದಿನವೂ ಅವನು ಉಜ್ಜುವ ಶೆಡ್ಡಿಗೆ ಹೋಗುತ್ತಲೇ ಇದ್ದ. ಏನಾಗಿಲ್ಲವೆಂದು ಬರೆದುಕೊಟ್ಟ ಮೇಲೆ ಹೋಗದೆ ಇರುವುದು ಹೇಗೆ?

ಮರುವರ್ಷ ಊದಿದಾಗ ಗಾಳಿ ಇನ್ನೂ ಕಡಿಮೆ. ರಕ್ತದ ಗುರುತು ಇದ್ದಲ್ಲೇ ಇತ್ತು, ಹಲ್ಲಿಲ್ಲದಿದ್ದರೂ. ಹೊಸ ಹಲ್ಲುಗಳು ಬೆಳ್ಳಗೆ ಸಾಲಾಗಿ ಹೊಳೆಯುತ್ತಿದ್ದವು. ಆ ಶಾಸ್ತ್ರದ ಪ್ರಕಾರ ಮೌಲಾಲಿಗೆ ಈಗ ಇಪ್ಪತ್ತು ವರ್ಷವಾಗಬೇಕಿತ್ತು. ಆದರೆ ನಮ್ಮವರು "ಕಟ್ಟಿಸಿದ್ದು ಲೆಕ್ಕಕ್ಕಿಲ್ಲ" ಎಂದು ಹಳೆಯದಕ್ಕೆ ಒಂದು ಕೂಡಿಸಿ ಐವತ್ತೊಂಬತ್ತು ಹಾಕಿದರು. ವಯಸ್ಸಿಗೆ ತಕ್ಕಂತೆ, ಅಂಚಿನಲ್ಲಿ, ಪಾಸು. ರಕ್ತದ ಬಗ್ಗೆ ಕೇಳಿದರೆ ವಸಡು ಇನ್ನೂ ಪೂರ್ತಿ ಮಾಗಿಲ್ಲವೆಂದರು.

ಬೀಬಿಜಾನ ಬಂದದ್ದು ಅದರ ಮರುದಿನ. ಗಂಡನೂ ಜೊತೆಗಿದ್ದ, ಬಾಗಿಲ ಹೊರಗೆ ನಿಂತಿದ್ದ. ಅವಳ ಹಿಂದೆ ಸೆರಗು ಹೊದ್ದ ಒಬ್ಬ ಹೆಂಗಸು. ನಾನು ಈ ಸಲ ಗೋಡೆಯನ್ನು ನಂಬದೆ ಎದ್ದು ಹೋಗಿ ಬಾಗಿಲಲ್ಲೇ ನಿಂತೆ. ಮಿರ್ಚಿ ಗಾಡಿಯವನೂ ಬಂದ.

"ಡಾಕ್ಟರ ಸಾಹೇಬ್ರ, ನೀವು ಹಲ್ಲು ನೋಡಿ ವಯಸ್ಸು ಖರೇನ ಹೇಳ್ತೀರೇನ್ರಿ?" ಎಂದಳು ಬೀಬಿಜಾನ, ಸಕ್ಕರೆ ಹಾಕಿದ ದನಿಯಲ್ಲಿ.

"ಪಂದ್ಯಾ ಕಟ್ಟತೀ?"

"ಇವ್ರದು ಹೇಳ್ರಿ ನೋಡೂಣು."

ಹೆಂಗಸು ಬಾಯಿ ತೆರೆದಳು. ನಮ್ಮವರು ಬ್ಯಾಟರಿ ಬಿಟ್ಟರು. ಆಕೆ ಜನ್ಮದಲ್ಲಿ ಎಲೆ ಅಡಿಕೆ ಮುಟ್ಟಿದವಳಲ್ಲ. ಒಂದೊಂದು ಹಲ್ಲೂ ಜೋಳದ ತೆನೆಯಲ್ಲಿ ಕಾಳು ಕೂತಂತೆ ಕೂತಿತ್ತು. ಅವರು ಒಳ್ಳೆಯ ಎತ್ತು ಕಂಡ ದಲ್ಲಾಳಿಯಂತೆ ನಾಲಗೆ ಲೊಚಗುಟ್ಟಿದರು.

"ಐವತ್ತಾರು. ಐವತ್ತೇಳಕ್ಕ ಕಾಲಿಟ್ಟಿಲ್ಲ."

"ಪಕ್ಕಾ?"

"ಪಕ್ಕಾ ಅಂದ್ರ ಪಕ್ಕಾ. ನಮ್ಮಪ್ಪನ ಆಣಿ."

"ಇವ್ರು ನಮ್ಮ ಅತ್ತಿ ರೀ," ಎಂದಳು ಬೀಬಿಜಾನ. ಈಗ ದನಿಯಲ್ಲಿ ಸಕ್ಕರೆ ಇರಲಿಲ್ಲ. "ನನ್ನ ಗಂಡನ್ನ ಹಡದಾಕಿ. ನೀವು ನಿನ್ನಿ ನನ್ನ ಗಂಡಗ ಬರದದ್ದು ಐವತ್ತೊಂಬತ್ತು. ತಾಯಿಗಿಂತ ಮೂರು ವರ್ಷ ಮೊದಲ ಹುಟ್ಟಿ ಅಂವ ಎಲ್ಲಿ ಕುಂತಿದ್ದನ್ರಿ, ನಿಮ್ಮ ಲ್ಯಾಬಿನ್ಯಾಗ?"

ಮಿರ್ಚಿ ಗಾಡಿಯವನು ಹೋ ಎಂದು ನಕ್ಕ. ನಾನೂ ನಕ್ಕೆ. ಲ್ಯಾಬಿನಲ್ಲಿ ರಕ್ತ ಕೊಟ್ಟು ಬೆರಳು ಒತ್ತಿ ಹಿಡಿದು ಕುಳಿತಿದ್ದವರೂ ನಕ್ಕರು. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮವರು ಬ್ಯಾಟರಿಯನ್ನು ಆರಿಸಿ, ಕಿಸೆಗೆ ಹಾಕಿ, ಮುದುಕಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿ ಹೇಳಿದರು:

"ಹಂಗಾದ್ರ ಮಲತಾಯಿ ಇರಬೇಕು."

"ಯಾ ಅಲ್ಲಾ!" ಎಂದು ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆಣೆಕಟ್ಟಿನ ಸಿಮೆಂಟ್ ಲಾರ್ಯಾಗ ಇವನಪ್ಪ ಕ್ಲೀನರ್ ಇದ್ದಾಗ, ಜಡಿ ಮಳ್ಯಾಗ, ಸೂಲಗಿತ್ತಿ ಬರೂದ್ರಾಗ ನಾ ಒಬ್ಬಾಕಿನ ಹಡದೇನಿ ಇವನ್ನ! ನೀ ಏನ್ ಬಾಗಲಾಗ ನಿಂತು ನೋಡಿದೀ ಏನೋ, ದನದ ಡಾಕ್ಟರ್?"

ಹೊರಗೆ ನಿಂತಿದ್ದ ಮೌಲಾಲಿಯೂ ಇದಕ್ಕೆ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ತುಟಿಯ ಬಣ್ಣ ತಿರುಗಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಳಕ್ಕೆ ಜಾರಿದವನನ್ನು ನಾನೂ ಬೀಬಿಜಾನಳೂ ಎತ್ತಿ ನನ್ನ ಅಂಗಡಿಯ ಕುರ್ಚಿಯಲ್ಲಿ ಕೂರಿಸಿದೆವು, ಕಣ್ಣು ಪರೀಕ್ಷೆಯ ಕುರ್ಚಿ. ಎದುರಿನ ಗೋಡೆಯಲ್ಲಿ ಅಕ್ಷರಗಳ ಪಟ್ಟಿ ಇತ್ತು. ಅವನು ಅದನ್ನೇ ದಿಟ್ಟಿಸುತ್ತಾ, ಒಂದೊಂದೇ ಗುಟುಕು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಿದ್ದ. ಮುದುಕಿ ಬೈಯುವುದನ್ನು ಬಿಟ್ಟು ಮಗನ ಎದೆ ನೀವತೊಡಗಿದಳು. ನಮ್ಮವರು ಬಂದು ಇಣುಕಿದರು. ನೀರು ತರಿಸುತ್ತಾರೇನೋ ಎಂದುಕೊಂಡೆ.

"ವಯಸ್ಸಾದ ಮ್ಯಾಲ ನಗಬಾರದು ಚಾಚಾ" ಎಂದು ಹೇಳಿ, ನನ್ನ ಕನ್ನಡಿಯಲ್ಲಿ ಒಮ್ಮೆ ಕೂದಲು ಸರಿಮಾಡಿಕೊಂಡು ಹೋದರು.

ಅವತ್ತಿನಿಂದ ನಾನು ಅವರಿಗೆ ಪೇಪರ್ ಕೊಡಲಿಲ್ಲ. ನನ್ನ ಕೈಲಾದ ಪ್ರತೀಕಾರ ಅಷ್ಟೇ.

ಚಷ್ಮೆಯ ಗಾಜು ತರಲು ನಾನು ಹೇಗೂ ಹುಬ್ಬಳ್ಳಿಗೆ ಹೋಗುವವನು. ಆ ಸಲ ಮೌಲಾಲಿಯನ್ನೂ ಬೀಬಿಜಾನಳನ್ನೂ ಕರೆದುಕೊಂಡು ಹೋದೆ. ಬಸ್ಸಿನಿಂದ ಇಳಿದು ದವಾಖಾನೆಯ ಮೆಟ್ಟಿಲು ಹತ್ತುವುದಕ್ಕೆ ಅವನಿಗೆ ಇಡೀ ಬಸ್ ಪ್ರಯಾಣಕ್ಕಿಂತ ಹೆಚ್ಚು ಕಷ್ಟವಾಯಿತು. ಎದೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಧಾರವಾಡದ ಕಡೆಯ ಮಾತು. ಮೊದಲು ಕಾರ್ಡ್ ನೋಡಿ ವಯಸ್ಸು ಬರೆದುಕೊಂಡಳು. ಬಾಯಿ ತೆರೆಸಲಿಲ್ಲ. ಊದಿಸಿದಳು. ಆಮೇಲೆ ಬೀಬಿಜಾನ ಕೊಟ್ಟ ಹಳೆಯ ವರದಿಗಳನ್ನು ಹೊಸದರ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದಳು.

"ಊದಿಸಿದವರು ಯಾರ್ರಿ? ಛಲೋ ಊದಿಸ್ಯಾರ, ಅಂಕಿ ಒಂದೂ ತಪ್ಪಿಲ್ಲ. ಈ ವಯಸ್ಸು ಹಾಕಿದವರು ಯಾರು?"

"ಇಬ್ರೂ ಒಬ್ರ ರೀ," ಎಂದಳು ಬೀಬಿಜಾನ.

ಡಾಕ್ಟರಮ್ಮ ಹೇಳಿದ್ದು ಇಷ್ಟು. ವಯಸ್ಸಿನಿಂದ ಎಲ್ಲರ ಉಸಿರೂ ಇಳಿಯುತ್ತದೆ, ಮೆಲ್ಲಗೆ. ಇವನದು ಓಡಿಕೊಂಡು ಇಳಿದಿದೆ. ಮೊದಲ ವರ್ಷವೇ ಸರಿಯಾದ ವಯಸ್ಸು ಹಾಕಿದ್ದರೆ ಅಂದೇ ಗೊತ್ತಾಗುತ್ತಿತ್ತು. ರಕ್ತದ ಗುರುತು ಹಾಗೆ ಏರಿ ನಿಂತವರ ಉಸಿರು ಉಳಿದವರಿಗಿಂತ ಬೇಗ ಇಳಿಯುವುದುಂಟು, ಅದನ್ನಾದರೂ ನೋಡಿ ಎದೆಯನ್ನು ತಪಾಸಿಸಬೇಕಿತ್ತು. ಪುಡಿಯಿಂದ ದೂರ ಇದ್ದರೆ ಇನ್ನು ಮುಂದೆ ಇಳಿಯುವುದು ನಿಧಾನವಾಗಬಹುದು. ಹೋದದ್ದು ಹೋಯಿತು.

ಕೊನೆಗೆ ಅವಳು ಮೌಲಾಲಿಯ ಬಾಯಿಯತ್ತ ನೋಡಿ ಕೇಳಿದಳು. "ಇಷ್ಟ ಸಣ್ಣ ವಯಸ್ಸಿಗೆ ಹಲ್ಲೆಲ್ಲಾ ಯಾಕ ತಗಸೀರಿ?"

ಮೌಲಾಲಿ ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

"ದಮ್ಮಿಗೆ ರೀ," ಎಂದ.

ಅವಳು ಪೆನ್ನು ತೆಗೆದು ಸೂಪರ್‌ವೈಜರನಿಗೆ ಕಾಗದ ಬರೆದುಕೊಟ್ಟಳು.

ಈ ಸಂಗತಿಯನ್ನು ನಾನೇ ಹೋಗಿ ನಮ್ಮವರಿಗೆ ಹೇಳಿದೆ. ನಾಚುತ್ತಾರೇನೋ ನೋಡಬೇಕೆಂಬ ಕೆಟ್ಟ ಆಸೆ ಇತ್ತು. ಅವರು ಮೊದಲು ಹುಬ್ಬಳ್ಳಿಯ ಯಂತ್ರ ಹೊಸದು, ಹೊಸ ಯಂತ್ರಗಳು ಕಡಿಮೆ ತೋರಿಸುತ್ತವೆ ಎಂದರು. ಆಮೇಲೆ ಸ್ವಲ್ಪ ಬಗ್ಗಿ, ಗುಟ್ಟು ಹೇಳುವವರಂತೆ, "ಚಷ್ಮಾದಾವ್ರ, ನಿಮಗ ತಿಳಿಯಂಗಿಲ್ಲ. ಎದಿ ಕೆಟ್ಟೈತಿ ಅಂತ ಬರದ್ರ ಬಡವನ ಕೆಲಸ ಹೋಗ್ತೈತಿ. ಎಷ್ಟು ಮಂದೀ ಕೆಲಸಾ ಉಳಿಸೇನಿ ಗೊತ್ತೈತೇನು?" ಎಂದರು. ಇದು ಅವರಿಗೆ ಆ ಕ್ಷಣದಲ್ಲಿ ಹೊಳೆದದ್ದೋ, ಮೊದಲಿನಿಂದ ಮನಸ್ಸಿನಲ್ಲಿದ್ದದ್ದೋ ನಾನು ಹೇಳಲಾರೆ. ಮೊದಲಿನಿಂದ ಇದ್ದಿದ್ದರೆ ನನ್ನ ಸಿಟ್ಟು ಇನ್ನೂ ಜಾಸ್ತಿಯಾಗಬೇಕೋ ಕಡಿಮೆಯಾಗಬೇಕೋ ಎಂಬುದನ್ನೂ ನಾನು ಇನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ಇದ್ದಷ್ಟೇ ಇಟ್ಟುಕೊಂಡಿದ್ದೇನೆ.

ಅವರು ಹೋದದ್ದು ಹೃದಯಾಘಾತದಿಂದ. ಶ್ವಾಸಕೋಶ ಕೊನೆಯ ತನಕ ಗಟ್ಟಿಯಾಗಿತ್ತೆಂದು ಮಕ್ಕಳು ಹೇಳಿದರು. ಗೋಡೆಯ ಈ ಕಡೆ ಇದ್ದ ನನಗೆ ಅದನ್ನು ಹೇಳಬೇಕಿರಲಿಲ್ಲ. ಶ್ರದ್ಧಾಂಜಲಿ ಬ್ಯಾನರಿನಲ್ಲಿ ವಯಸ್ಸು ಬರೆಯುವಾಗ ಮನೆಯಲ್ಲಿ ಸ್ವಲ್ಪ ಗೊಂದಲವಾಯಿತಂತೆ. ಕಾರ್ಡಿನಲ್ಲಿ ಒಂದಿತ್ತು, ಅದೂ ಜೂನ್ ಒಂದು. ಹೆಂಡತಿ ಹೇಳಿದ್ದು ಇನ್ನೊಂದು. ಹಲ್ಲು ನೋಡೋಣವೆಂದರೆ ಅವರದೂ ಬೆಳಗಾವಿಯಲ್ಲಿ ಕಟ್ಟಿಸಿದ್ದು. ಕೊನೆಗೆ ವಯಸ್ಸಿನ ಜಾಗದಲ್ಲಿ ಒಂದು ಹೂವಿನ ಚಿತ್ರ ಹಾಕಿಸಿದರು.

ಸಂತಾಪ ಸಭೆಯಲ್ಲಿ ಒಬ್ಬರು ಅವರನ್ನು ಕಾರ್ಮಿಕರ ಬಂಧು ಎಂದರು. ಇನ್ನೊಬ್ಬರು ಸಾವಿರಾರು ಜನರ ಉಸಿರು ಎಂದರು. ನಾನು ಗಂಟಲು ನೀವಿಕೊಳ್ಳುತ್ತಾ ಕುಳಿತಿದ್ದೆ.

ಮೌಲಾಲಿ ಆ ಸಭೆಗೆ ಬಂದಿರಲಿಲ್ಲ. ಸಭೆ ನಮ್ಮ ಸಾಲಿನಲ್ಲೇ ಇತ್ತು, ಅಲ್ಲಿಗೆ ಬರುವ ಏರು ಹತ್ತುವುದು ಈಗ ಅವನಿಂದ ಆಗುವುದಿಲ್ಲ. ಕಾಗದ ನೋಡಿದ ಸೂಪರ್‌ವೈಜರ್ ಮಾತಿನಂತೆ ಅವನನ್ನು ಶೆಡ್ಡಿನಿಂದ ತೆಗೆದು ಕಾರ್ಖಾನೆಯ ಗೇಟಿಗೆ ಹಾಕಿದ್ದಾನೆ. ಅದು ಗಾಲಿಯ ಮೇಲೆ ಸರಿಯುವ ದೊಡ್ಡ ಕಬ್ಬಿಣದ ಗೇಟು. ಮೌಲಾಲಿ ಅದರ ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಲಾರಿ ಬಂದರೆ ಗೇಟು ತಳ್ಳುವವಳು ಬೀಬಿಜಾನ.